ಸಮಾಧಾನವಾಗಿದೆ ಎಂದು ಬರೆದುಕೊಡಿ

ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯಲ್ಲಾದರೂ ಸಾವಾದರೆ, ಆ ಮನೆಯವರು ಒಂದು ಭಾನುವಾರ ಆರಾಧನೆಯ ನಡುವೆ ಎದ್ದು ನಿಂತು, ದೇವರು ತಮ್ಮನ್ನು ಸಂತೈಸಿದ್ದಾನೆ ಎಂದು ಸಾಕ್ಷಿ ಹೇಳಬೇಕು. ಹೇಳುವ ತನಕ ಅದು ಸೂತಕದ ಮನೆ. ಸೂತಕ ಎಂಬ ಮಾತನ್ನು ನಮ್ಮವರು ಆಡುವುದಿಲ್ಲ, ಅದು ಹೊರಗಿನವರ ಮಾತು ಎನ್ನುತ್ತಾರೆ. ಆದರೆ ಸಾಕ್ಷಿಯಾಗದ ಮನೆಯ ಮದುವೆ ಪ್ರಕಟಣೆಯನ್ನು ಗುಡಿಯಲ್ಲಿ, ಅಂದರೆ ಚರ್ಚಿನಲ್ಲಿ, ಓದುವುದಿಲ್ಲ, ಆ ಮನೆಯ ಕೂಸಿಗೆ ದೀಕ್ಷಾಸ್ನಾನವೂ ಆಗುವುದಿಲ್ಲ. ಹೆಸರನ್ನು ಬಿಟ್ಟರು, ಸೂತಕವನ್ನು ಇಟ್ಟುಕೊಂಡರು.

ಎಲ್ಲರಿಗೂ ಎದ್ದು ನಿಂತು ಮಾತಾಡಲು ಬರುವುದಿಲ್ಲ. ಬಾರದವರಿಗೆ ಸಾಕ್ಷಿಯನ್ನು ಬರೆದುಕೊಡುತ್ತಿದ್ದವಳು ನಾನು. ದಾಂಡೇಲಿಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಅಕ್ಷರ ದುಂಡಗೆ, ಕೇಳಿದವರಿಗೆ ಇಲ್ಲ ಎನ್ನದವಳು. ಮೊದಲ ಸಾಲಿನಲ್ಲಿ ಸಭೆಗೆ ವಂದನೆ. ಆಮೇಲೆ ತೀರಿಕೊಂಡವರ ಒಳ್ಳೆಯ ಗುಣ. ಆಮೇಲೆ ಸತ್ಯವೇದದ ಪ್ರವಾದಿಯೊಬ್ಬನ ಸಾಂತ್ವನದ ಅಧ್ಯಾಯದಿಂದ ಒಂದು ವಚನ. ಕೊನೆಗೆ, ಕರ್ತನು ನಮ್ಮ ಕಣ್ಣೀರು ಒರೆಸಿ ಸಮಾಧಾನ ಕೊಟ್ಟಿದ್ದಾನೆ. ಹೆಸರೊಂದು ಬದಲಾದರೆ ಸಾಕು, ಯಾವ ಮನೆಗಾದರೂ ಹೊಂದುತ್ತಿತ್ತು. ಶವಪೆಟ್ಟಿಗೆ ಮಾಡುವ ಬಡಿಗ ಕೂಡ ಅಳತೆ ತೆಗೆದುಕೊಳ್ಳುತ್ತಾನೆ. ನಾನು ಅದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ನನ್ನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸೊಬ್ಬಳು ನಮ್ಮ ಸಭೆಯವಳೇ. ಅಂಬೇವಾಡಿಯಲ್ಲಿ ನನ್ನ ಮನೆಯಿಂದ ಮೂರನೆಯ ಮನೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಮುಂಡಗೋಡದ ಕಡೆ ಗಂಡು ಗೊತ್ತಾಗಿತ್ತು. ಸಣ್ಣವಳು ಹಳಿಯಾಳದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಸ್ಕೂಟಿಯ ಮೇಲೆ ಹೋಗಿ ಬರುತ್ತಿದ್ದಳು. ಕಬ್ಬು ನುರಿಸುವ ಕಾಲ ಅದು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಳಿಯಾಳದ ರಸ್ತೆಯಲ್ಲಿ ಹಿಂದೆ ದೀಪವಿಲ್ಲದೆ ನಿಂತಿರುತ್ತವೆ. ಸಂಜೆ, ಬೆಳಕು ಇದೆಯೋ ಇಲ್ಲವೋ ಎನ್ನುವ ಹೊತ್ತಿನಲ್ಲಿ, ಆ ಹುಡುಗಿಯ ಸ್ಕೂಟಿ ಅಂಥದೊಂದು ಟ್ರೇಲರಿನ ಹಿಂಭಾಗಕ್ಕೆ ಹೋಗಿ ಬಡಿಯಿತು.

ನಾನು ಆ ತಾಯಿಯ ಜೊತೆ ಹಳಿಯಾಳದ ಆಸ್ಪತ್ರೆಗೆ ಹೋದೆ. ನಮ್ಮನ್ನು ಕರೆದೊಯ್ದವನು ಆಕೆಯ ಪಕ್ಕದ ಮನೆಯ ಗ್ಯಾರೇಜಿನ ಸಾಬ. ಒಳಗೆ ನೋಡಿ ಬಂದ ಮೇಲೆ ಆಕೆ ಹೊರಗಿನ ಬೆಂಚಿನ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ಅಲ್ಲಿ ಏನು ಮಾಡಿದೆ ಎಂಬುದನ್ನು ಇದ್ದ ಹಾಗೆ ಬರೆಯಬೇಕು. ಆಕೆಯ ಕೈ ಹಿಡಿಯಲಿಲ್ಲ. ನನಗೆ ಬಾಯಿಪಾಠ ಬರುತ್ತಿದ್ದ ಸಾಂತ್ವನದ ಅಧ್ಯಾಯವನ್ನು ಮೊದಲಿನಿಂದ ಹೇಳತೊಡಗಿದೆ. ನನ್ನ ಜನರನ್ನು ಸಂತೈಸಿರಿ ಎಂದು ದೇವರು ಹೇಳುವುದು, ಕುರುಬನು ಮರಿಗಳನ್ನು ಎದೆಗೆ ಅಪ್ಪಿಕೊಳ್ಳುವುದು, ಎಲ್ಲ. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಇದಕ್ಕಾಗಿ ನನಗೆ ಬಹುಮಾನ ಬಂದಿತ್ತು. ತಪ್ಪಿಲ್ಲದೆ ಹೇಳುತ್ತಿದ್ದೇನೆ ಎಂಬ ಅರಿವು ಆ ಬೆಂಚಿನ ಮೇಲೂ ನನಗಿತ್ತು.

ಆಕೆ ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೇಳಿದಳು: “ಅಕ್ಕೋರ, ಆಕೀದು ಒಂದು ಚಪ್ಪಲಿ ಇಲ್ರಿ. ಎಡಗಾಲಿಂದು. ಯಾರಿಗರ ಹೇಳಿ ಹುಡುಕಸ್ರಿ.”

ಗ್ಯಾರೇಜಿನವನು ಎದ್ದು ಹೋದ. ಬಹಳ ಹೊತ್ತಿನ ಮೇಲೆ ಬಂದ. ರಸ್ತೆಯ ಬದಿಯಲ್ಲಿ ಚೆಲ್ಲಿದ ಕಬ್ಬಿನ ರವದಿಯ, ಒಣ ಎಲೆಗಳ ಒಳಗೆ ಸಿಕ್ಕಿತಂತೆ. ತನ್ನ ಅಂಗಿಯ ತುದಿಯಿಂದ ಒರೆಸಿ, “ಮೌಶಿ, ಸಿಕ್ತು ನೋಡ್ರಿ” ಎಂದು ಆಕೆಯ ಕೈಗೆ ಕೊಟ್ಟ. ಆಗ ಆಕೆ ಅತ್ತಳು. ಪ್ರವಾದಿಯ ಇಡೀ ಅಧ್ಯಾಯ ಮಾಡದೆ ಇದ್ದುದನ್ನು ಅವನು ಮಾಡಿದ. ನನ್ನ ಬಾಯಿಪಾಠ ಅರ್ಧಕ್ಕೆ ನಿಂತಿತ್ತು.

ಮಣ್ಣಾದ ಮೇಲೆ ಸಭೆಯವರು ಬಂದರು. ಅವರು ಬರಿಗೈಯಲ್ಲಿ ಬರುವುದಿಲ್ಲ, ವಚನ ತರುತ್ತಾರೆ. “ದೇವರ ತೋಟಕ್ಕ ಒಂದು ಚಂದನ ಹೂ ಬೇಕಾಗಿತ್ರಿ” ಎಂದಳು ಒಬ್ಬಳು. ಹೂವು ಬೇಕಾದವನು ಕಬ್ಬಿನ ಟ್ರೇಲರಿನ ಕೊಕ್ಕೆಯಿಂದ ಕೊಯ್ಯುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. “ನಿಮಗಿಂತಾ ಆತಗ ಆಕಿ ಮ್ಯಾಲ ಪ್ರೀತಿ ಜಾಸ್ತಿ” ಎಂದರು ಇನ್ನೊಬ್ಬರು. ಇದು ಸಮಾಧಾನವೋ ಬೈಗುಳವೋ ನನಗೆ ಈವರೆಗೂ ತಿಳಿದಿಲ್ಲ. ವಾಟ್ಸಪ್ಪಿನಲ್ಲಿ ಇನ್ನೂ ಚೆಂದ. ಮರುದಿನ ಬೆಳಿಗ್ಗೆ ಸಭೆಯ ಹಿರಿಯರೊಬ್ಬರು ಆ ತಾಯಿಗೆ ಮುಳುಗುವ ಸೂರ್ಯನ ಚಿತ್ರ ಕಳಿಸಿದ್ದರು. ಮೇಲೆ ಸಂತೈಸಿರಿ ಎಂಬ ವಚನ, ಕೆಳಗೆ ಗುಲಾಬಿ ಅಕ್ಷರದಲ್ಲಿ ಶುಭೋದಯ. ಅದೇ ಚಿತ್ರ ನನಗೂ ಬಂದಿತ್ತು. ಸಭೆಯ ಎಲ್ಲರಿಗೂ ಹೋಗಿತ್ತು.

ಗ್ಯಾರೇಜಿನವನ ತಾಯಿ ಮೂರು ದಿನ ಎರಡು ಹೊತ್ತು ಡಬ್ಬಿ ತಂದಳು. ಬಾಗಿಲ ಹತ್ತಿರ ಚಾಪೆಯ ಮೇಲೆ ಕುಳಿತುಕೊಳ್ಳುತ್ತಿದ್ದಳು. “ಉಣ್ಣ ಬೇಟಿ, ಎರಡು ತುತ್ತ” ಎನ್ನುವುದನ್ನು ಬಿಟ್ಟು ಬೇರೆ ಮಾತು ಅವಳ ಬಾಯಿಂದ ನಾನು ಕೇಳಲಿಲ್ಲ. ನಮ್ಮ ಹೆಂಗಸರು ಹಾಡು ಎತ್ತಿದಾಗ ಎದ್ದು ಹೋಗುತ್ತಿದ್ದಳು, ಹಾಡು ಮುಗಿದ ಮೇಲೆ ಬಂದು ಅದೇ ಜಾಗದಲ್ಲಿ ಕೂರುತ್ತಿದ್ದಳು.

ಎರಡು ತಿಂಗಳು ಹೋಯಿತು. ಮುಂಡಗೋಡದಿಂದ ಬೀಗರು ಫೋನ್ ಮಾಡಿದರು. ಗಂಡಿನ ಅಜ್ಜಿ ಹಾಸಿಗೆ ಹಿಡಿದಿದ್ದಾಳೆ, ನಲವತ್ತು ದಿನದ ಉಪವಾಸ ಕಾಲ ಲೆಂತ್ ಶುರುವಾದರೆ ಈಸ್ಟರ್ ತನಕ ಮದುವೆ ಇಲ್ಲ, ಅಷ್ಟು ದಿನ ಆಕೆ ಉಳಿಯುವುದಿಲ್ಲ, ಲೆಂತಿಗೆ ಮುಂಚೆಯೇ ಮದುವೆ ಮಾಡಿಕೊಡಿ, ಆಗದಿದ್ದರೆ ಹೇಳಿಬಿಡಿ. ಮದುವೆಗೆ ಮೊದಲು ಮೂರು ಭಾನುವಾರ ಪ್ರಕಟಣೆ ಓದಬೇಕು. ಲೆಂತಿಗೆ ಉಳಿದಿದ್ದದ್ದು ನಾಲ್ಕು ಭಾನುವಾರ. ಪ್ರಕಟಣೆ ಓದಬೇಕಾದರೆ ಸಾಕ್ಷಿಯಾಗಬೇಕು.

ಸಾಕ್ಷಿಗಳ ವಹಿ ಇಟ್ಟುಕೊಂಡಿದ್ದ ಹಿರಿಯರು ನನ್ನ ಮನೆಗೇ ಬಂದರು. ಸೂರ್ಯನ ಚಿತ್ರ ಕಳಿಸಿದವರು ಇವರೇ. ಜೀವಮಾನವೆಲ್ಲ ಉಗ್ರಾಣದ ಲೆಕ್ಕ ನೋಡಿ ನಿವೃತ್ತರಾದವರು, ದುಃಖವನ್ನೂ ಬಂದ ಮಾಲು ಹೋದ ಮಾಲು ಎಂದು ನೋಡುವವರು.

“ಅಕ್ಕೋರ, ಆ ಹೆಣ್ಮಗಳದ್ದು ಒಂದು ಬರದು ಕೊಟ್ಟಬಿಡ್ರಿ. ಸಮಾಧಾನ ಆಗೇತಿ ಅಂತ.”

“ಆಕೆಗೆ ಆಗಿದೆಯೇ, ಕೇಳಿದ್ದೀರಾ?”

“ಕೇಳೂದೇನ ಐತ್ರಿ? ದೇವರು ಕೊಡತೇನಿ ಅಂದಾನಲ್ಲ. ಕೊಟ್ಟೇ ಕೊಟ್ಟಿರತಾನ.”

“ಆಗಿಲ್ಲ ಎಂದರೆ?”

ಅವರು ನಕ್ಕರು. “ಎರಡು ತಿಂಗಳಾತಲ್ರಿ. ಇನ್ನೂ ಆಗಿಲ್ಲಂದ್ರ ಅದು ವಿಶ್ವಾಸದ ಕೊರತಿ. ಅಂಥಾ ಮನಿ ಮದುವಿ ನಾವು ಹೆಂಗ ಓದೂಣು?” ಆಮೇಲೆ ಚಹಾ ಕುಡಿದು, ಬಿಸ್ಕೀಟು ಅದ್ದಿ ತಿಂದು, ಮುಂದಿನ ಭಾನುವಾರದ ಆರಾಧನೆಯ ಕ್ರಮವನ್ನು ಆಗಲೇ ಝೆರಾಕ್ಸ್ ಮಾಡಿಸಿಯಾಗಿದೆ ಎಂದರು. ಒಂದು ಪ್ರತಿ ಕೊಟ್ಟರು. ಆರನೆಯ ಸಾಲಿನಲ್ಲಿ ‘ಸಾಂತ್ವನ ಹೊಂದಿದ ಕುಟುಂಬದ ಸಾಕ್ಷಿ’, ಎಂಟನೆಯ ಸಾಲಿನಲ್ಲಿ ‘ವಿವಾಹ ಪ್ರಕಟಣೆ’. ದೇವರು ಸಂತೈಸುವುದಕ್ಕೆ ಮೊದಲೇ ನಮ್ಮವರು ಸಂತೈಸುವಿಕೆಯನ್ನು ಅಚ್ಚು ಹಾಕಿಸಿದ್ದರು.

ಅವರ ಮೇಲೆ ನನಗೆ ಬಂದ ತಿರಸ್ಕಾರ ದೊಡ್ಡದು. ಆದರೆ ಅವರ ವಹಿಯಲ್ಲಿ ಅಂಟಿಸಿಟ್ಟ ಸಾಕ್ಷಿಗಳೆಲ್ಲ ನನ್ನ ದುಂಡಗಿನ ಅಕ್ಷರ.

ಅಂದು ಮಧ್ಯಾಹ್ನವೇ ಸತ್ಯವೇದ ತೆಗೆದು ಕುಳಿತೆ. ಬಾಯಿಪಾಠ ಬಂದ ಮೇಲೆ ಆ ಅಧ್ಯಾಯವನ್ನು ನಾನು ಓದಿರಲೇ ಇಲ್ಲ ಎಂಬುದು ಆಗ ಗೊತ್ತಾಯಿತು. ಸಂತೈಸಿರಿ ಎಂಬ ಮಾತು ಬರುವುದು ಮೂವತ್ತೊಂಬತ್ತು ಅಧ್ಯಾಯಗಳ ಗದರಿಕೆ, ಬೆಂಕಿ, ಮುತ್ತಿಗೆಯ ಮಾತುಗಳ ನಂತರ. ಅದನ್ನು ಕೇಳಬೇಕಾದವರು ಊರು ಸುಟ್ಟುಹೋದವರು, ಪರದೇಶದ ಹೊಳೆಯ ದಂಡೆಗೆ ಎಳೆದೊಯ್ಯಲ್ಪಟ್ಟವರು, ಅಲ್ಲೇ ಮುದುಕರಾದವರು. ಮರುದಿನ ಬೆಳಿಗ್ಗೆ ಗುಲಾಬಿ ಅಕ್ಷರದಲ್ಲಿ ಬಂದ ಮಾತಲ್ಲ ಅದು. ಇನ್ನೊಂದು ಸಂಗತಿ ನೋಡಿದೆ. ಕೂಗು ಎಂದು ಒಂದು ದನಿ ಹೇಳುತ್ತದೆ, ಕೂಗಬೇಕಾದವನು ಏನೆಂದು ಕೂಗಲಿ ಎಂದು ಕೇಳುತ್ತಾನೆ. ಮನುಷ್ಯರೆಲ್ಲ ಹುಲ್ಲು, ಒಣಗುತ್ತಾರೆ, ಇವರಿಗೆ ಏನು ಹೇಳಲಿ? ದೇವರ ಬಾಯಿಂದ ಕೇಳಿಸಿಕೊಂಡವನಿಗೇ ಆ ಅನುಮಾನ ಬಂತು. ನಮ್ಮ ಸಭೆಯಲ್ಲಿ ಅದು ಒಬ್ಬರಿಗೂ ಬಂದಿಲ್ಲ. ನನಗೂ ಬಂದಿರಲಿಲ್ಲ.

ಮರುದಿನ ಪುಸ್ತಕ ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಆಕೆ ಶಾಲೆಯಿಂದ ಬಂದು ಬೇಳೆ ಆರಿಸುತ್ತಿದ್ದಳು. ದೊಡ್ಡ ಮಗಳು ಒಳಗೆ ಬಟ್ಟೆ ಮಡಚುತ್ತಿದ್ದಳು.

“ಬರ್ರಿ ಅಕ್ಕೋರ. ಬರದು ತಂದೀರೇನು?”

“ಇಲ್ಲ. ನಿನ್ನ ಕೇಳಿ ಬರೆಯಬೇಕು ಅಂತ ಬಂದೆ.”

“ಇಷ್ಟ ವರ್ಷ ಯಾರನ್ನ ಕೇಳಿ ಬರದಿದ್ರಿ?” ಎಂದಳು. ತಲೆ ಎತ್ತಲಿಲ್ಲ.

ಒಳಗಿಂದ ಮಗಳು, “ಅವ್ವಾ, ನಾಕು ಮಾತು ಅಂದಬಿಡ ಅತ್ಲಾಗ. ಯಾರ ಗಂಟು ಹೋಗತೈತಿ?” ಎಂದಳು.

“ನಂದು ಹೋಗತೈತಿ” ಎಂದಳು ತಾಯಿ. “ನಿನ್ನ ಮದುವಿ ಆಗಬೇಕು. ಸುಳ್ಳೂ ಹೇಳಬಾರದು. ಎರಡೂ ಆಗೂ ಹಂಗ ಏನರ ಐತೇನು ನೋಡ್ರಿ ಅಕ್ಕೋರ. ಇಲ್ಲಂದ್ರ ಸುಳ್ಳ ಬರೀರಿ, ನಾ ಓದತೇನಿ. ಇದ್ದ ಮಗಳದ್ದರ ಆಗಲಿ.”

ಆಕೆಗೆ ಬೇಕಾಗಿದ್ದದ್ದು ಇಷ್ಟೇ. ನಾನು ನೆನಪಿಗೆ ಬಂದ ಮೊದಲ ವಚನವನ್ನು ಓದಿದೆ. ದೇವರು ನಮ್ಮನ್ನು ಮರೆತುಬಿಟ್ಟ ಎಂದು ಜನ ಅಂದಾಗ ಪ್ರವಾದಿಯ ದೇವರು ಹೇಳುವ ಮಾತು ಅದು. ಹೆತ್ತ ತಾಯಿ ಮೊಲೆಗೂಸನ್ನು ಮರೆತಾಳೇ, ಮರೆತರೂ ನಾನು ಮರೆಯೆ ಎಂಬುದು.

ಆಕೆ ಬೇಳೆಯ ಮೊರ ಕೆಳಗಿಟ್ಟಳು. “ತಾಯಿ ಮರೀತಾಳಂತೇನು? ಇದನ್ನ ಯಾವ ಗಂಡಸು ಬರದಾನ್ರಿ?”

“ಮರೆತರೂ, ಅಂತ ಇದೆ.”

“ಅಂದ್ರೂ ಆತು. ನಾ ಮರೀತೇನಿ ಅಂತ ಹಿಡದ ಮಾತಾಡ್ಯಾನಲ್ಲ. ಬ್ಯಾರೇದು ಓದ್ರಿ.”

ನನಗೆ ನಗು ಬಂತು, ಆಕೆಗೂ ಬಂದಿರಬೇಕು, ತುಟಿ ಒಂದಿಷ್ಟು ಅಲ್ಲಾಡಿತು. ನಾನು ಪುಟ ತಿರುವಿ ಇನ್ನೊಬ್ಬ ಪ್ರವಾದಿಗೆ ಹೋದೆ. ಊರು ಬೀಳುವುದನ್ನು ಕಣ್ಣಾರೆ ಕಂಡವನು ಅವನು, ಅಳುವುದಕ್ಕೇ ಹೆಸರಾದವನು. ಅವನ ಪುಸ್ತಕದ ನಡುವೆ ಒಂದು ಸಾಂತ್ವನದ ಅಧ್ಯಾಯವಿದೆ. ಅದರಲ್ಲಿ ಆ ಊರಿನ ಜನರ ಕುಲದ ಮೂಲತಾಯಿಯೊಬ್ಬಳು ಬರುತ್ತಾಳೆ. ಅವಳು ದಾರಿಯಲ್ಲಿ ಹೆರಿಗೆಯಾಗಿ ಸತ್ತು ದಾರಿಯ ಬದಿಗೇ ಹೂಳಲ್ಪಟ್ಟವಳು ಎಂಬುದು ಅದಕ್ಕಿಂತ ಹಳೆಯ ಕತೆ. ಈಗ ಸೆರೆಯಾದ ಮಕ್ಕಳು ಕಣ್ಮರೆಯಾಗುವಾಗ ಅವಳ ಅಳು ಕೇಳಿಸುತ್ತದೆ. ಮಕ್ಕಳು ಇಲ್ಲವಾದ್ದರಿಂದ ಸಮಾಧಾನ ಹೊಂದಲು ಒಪ್ಪುವುದಿಲ್ಲ ಎಂದು ಬರೆದಿದೆ.

“ಒಪ್ಪಲಿಲ್ಲಂತ?” ಎಂದಳು ಆಕೆ.

“ಒಪ್ಪಲಿಲ್ಲ.”

“ಮತ್ತ ಆಕಿಗೆ ಹಿರ್ಯಾರು ಏನಂದರು?”

“ಹಿರಿಯರು ಅಲ್ಲಿ ಇಲ್ಲ. ದೇವರು ಮಾತ್ರ ಇದ್ದಾನೆ.”

“ಆತ ಬೈದನೇನು?”

ಇಲ್ಲ ಎಂದೆ. ಅದೇ ಅಧ್ಯಾಯದಲ್ಲಿ ಮುಂದೆ ದೇವರು ಕಳೆದುಹೋದ ಆ ಜನರನ್ನೇ ತನ್ನ ಮಗನೆಂದು ಕರೆದು ಮಾತಾಡುವುದನ್ನು ಓದಿ ಹೇಳಿದೆ. ಅವನ ಹೆಸರೆತ್ತಿದಾಗಲೆಲ್ಲ ಅವನನ್ನು ನೆನೆಯುತ್ತೇನೆ, ನನ್ನ ಕರುಳು ಅವನಿಗಾಗಿ ಮರುಗುತ್ತದೆ ಎನ್ನುತ್ತಾನೆ ದೇವರು.

ಆಕೆ ಮೊರವನ್ನು ಮತ್ತೆ ಎಳೆದುಕೊಂಡು ಬೇಳೆಯಿಂದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ, “ಹಂಗಾರ ಆತಗೂ ಸಮಾಧಾನ ಆಗಿಲ್ಲೇನ್ರಿ?” ಎಂದು ಕೇಳಿದಳು.

ಇಂಥ ಪ್ರಶ್ನೆಯನ್ನು ನಮ್ಮ ಸಭೆಯಲ್ಲಿ ಯಾರೂ ಕೇಳಿದ್ದು ನಾನು ಕೇಳಿರಲಿಲ್ಲ. ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದು ಸತ್ಯವೇದವನ್ನು ತೊಡೆಯ ಮೇಲಿಟ್ಟುಕೊಂಡು ನಾನು ಹೇಳಿದ್ದೂ ಅದೇ ಮೊದಲು.

“ಇದನ್ನ ಓದತೇನಿ” ಎಂದಳು. “ಆ ತಾಯೀದು. ನೀವು ಏನೂ ಬರೀಬ್ಯಾಡ್ರಿ. ಸತ್ಯವೇದದ್ದು ಓದಿದ್ರ ಅವರೇನ ಅಂತಾರ?”

ಆಗಲಿ ಎಂದು ಒಪ್ಪಿದೆ. ಆ ವಚನ ಎಲ್ಲಿದೆ ಎಂದು ಗುರುತು ಹಾಕಿಕೊಟ್ಟೆ. ಆ ವಾರವೆಲ್ಲ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಓದಿದ ಕೂಡಲೇ ಹಿರಿಯರು ಎದ್ದು ನಿಲ್ಲುತ್ತಾರೆ, ಪ್ರಕಟಣೆ ನಿಲ್ಲಿಸುತ್ತಾರೆ, ಮುಂಡಗೋಡದವರಿಗೆ ಸುದ್ದಿ ಹೋಗುತ್ತದೆ, ಮದುವೆ ಮುರಿಯುತ್ತದೆ. ಉಪಾಯ ಆಕೆಯದೇ ಆದರೂ ಪುಟ ತೆಗೆದುಕೊಟ್ಟವಳು ನಾನು.

ಭಾನುವಾರ ಬಂತು. ಜೋಯಿಡಾದ ಕಡೆಯ ಮನೆಗಳಿಗೆ ಮಧ್ಯಾಹ್ನ ಪ್ರಾರ್ಥನೆಗೆ ಹೋಗಬೇಕೆಂದು ಪಾಸ್ಟರು ಅವಸರದಲ್ಲಿದ್ದರು. ಆರನೆಯ ಸಾಲು ಬಂದಾಗ ಆಕೆಯನ್ನು ಕರೆದರು. ಆಕೆ ಬಿಳಿ ಸೀರೆ ಉಟ್ಟಿದ್ದಳು. ಮುಂದೆ ಹೋಗಿ, ಸತ್ಯವೇದ ತೆರೆದು, “ಇದು ನನ್ನ ಸಾಕ್ಷಿ” ಎಂದಳು. ಬೆರಳಿಟ್ಟು ಓದಿದಳು. ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ತನಕ ಓದಿದವಳು, ಒಂದೊಂದು ಶಬ್ದವನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಡುವ ಹಾಗೆ ಓದಿದಳು. ಕೂಗು ಕೇಳಿಸಿತು ಎಂಬುದು. ತಾಯಿ ಮಕ್ಕಳಿಗಾಗಿ ಅತ್ತಳು ಎಂಬುದು. ಅವರು ಇಲ್ಲ, ಆದ್ದರಿಂದ ಸಮಾಧಾನ ಒಲ್ಲಳು ಎಂಬುದು. ಒಲ್ಲಳು ಎನ್ನುವಾಗ ತಲೆ ಎತ್ತಿ ಎಲ್ಲರನ್ನೂ ನೋಡಿದಳು. ಪುಸ್ತಕ ಮುಚ್ಚಿದಳು.

ಸಭೆ ಒಂದೇ ದನಿಯಲ್ಲಿ “ಆಮೆನ್” ಎಂದಿತು.

ನಾನು ತಿರುಗಿ ನೋಡಿದೆ. ಯಾರ ಮುಖದಲ್ಲೂ ಏನೂ ಇರಲಿಲ್ಲ. ವಚನ ಓದಿ ಮುಗಿದರೆ ಆಮೆನ್ ಎನ್ನಬೇಕು, ಅಂದರು. ನಾಳೆ ಯಾರಾದರೂ ನಿಂತು, ಸತ್ಯವೇದದ ಯಾವುದೋ ಮೂಲೆಯಲ್ಲಿರುವ ಚಿನ್ನದ ಇಲಿಗಳ ಮತ್ತು ಬಾವುಗಳ ವಚನ ಓದಿದರೂ ಆಮೆನ್ ಎನ್ನುತ್ತಾರೆ. ಒಬ್ಬ ಹೆಂಗಸು ಸಭೆಯ ನಡುವೆ ನಿಂತು ನಿಮ್ಮ ಸಮಾಧಾನ ನನಗೆ ಬೇಡ ಎಂದಿದ್ದಳು, ಇವರು ಹಾಗೇ ಆಗಲಿ ಎಂದು ಒಕ್ಕೊರಲಿನಿಂದ ಒಪ್ಪಿದ್ದರು.

“ಕರ್ತನಿಗೆ ಸ್ತೋತ್ರ” ಎಂದರು ಪಾಸ್ಟರು. “ನೋಡ್ರಿ, ದೇವರ ವಾಕ್ಯ ಎಂಥಾ ಸಮಾಧಾನ ಕೊಡತೈತಿ!” ಹಿರಿಯರು ವಹಿ ತೆಗೆದು ಒಂದು ಗುರುತು ಹಾಕಿದರು. ನನ್ನ ಹಿಂದೆ ಕುಳಿತ ಹೆಂಗಸು ಪಕ್ಕದವಳಿಗೆ, “ಚೊಲೋ ಓದಿದಳಲ್ಲ, ಒಂದೂ ತಪ್ಪ ಹೋಗಲಿಲ್ಲ” ಎಂದಳು. ಏಳನೆಯದು ಹಾಡು. ಎಂಟನೆಯದಕ್ಕೆ ಮದುವೆಯ ಮೊದಲ ಪ್ರಕಟಣೆ ಓದಿದರು.

ಗುಡಿಯಿಂದ ಮನೆಗೆ ನಡೆದು ಬರುವಾಗ ದೊಡ್ಡ ಮಗಳು ಫೋನು ಕಿವಿಗೆ ಹಿಡಿದು ಮುಂದೆ ಹೋಗುತ್ತಿದ್ದಳು, ಮುಂಡಗೋಡಕ್ಕೆ ಸುದ್ದಿ ಹೇಳುತ್ತಿದ್ದಳು. ನಾವಿಬ್ಬರೂ ಹಿಂದೆ.

“ಅವರಿಗೆ ತಿಳೀಲಿಲ್ಲಲ್ರಿ ಅಕ್ಕೋರ?”

“ಒಬ್ಬರಿಗೂ ತಿಳಿಯಲಿಲ್ಲ.”

“ಹೋಗಲಿ ಬಿಡ್ರಿ. ಮದುವಿ ಆಗತೈತಿ.” ಸ್ವಲ್ಪ ನಡೆದ ಮೇಲೆ, “ಕೇಳಬೇಕಾದವ ಕೇಳಿರಬೇಕು” ಎಂದಳು.

ನನಗೆ ಒಂದು ಸಂಗತಿ ಕೊರೆಯುತ್ತಿತ್ತು. ಆ ತಾಯಿ ಒಲ್ಲೆನೆಂದ ಮರುಸಾಲಿನಲ್ಲೇ ದೇವರ ಉತ್ತರವಿದೆ. ಇನ್ನು ಅಳಬೇಡ, ನಿನ್ನ ಮಕ್ಕಳು ಶತ್ರುವಿನ ದೇಶದಿಂದ ತಿರುಗಿ ಬರುತ್ತಾರೆ, ನಿನಗೆ ಮುಂದೆ ಒಳ್ಳೆಯದಿದೆ ಎಂದು. ನಾನು ಗುರುತು ಹಾಕಿಕೊಟ್ಟಾಗ ಅದನ್ನೂ ಸೇರಿಸಿಯೇ ಹಾಕಿದ್ದೆ.

“ಮುಂದಿನ ಸಾಲು ಕಾಣಲಿಲ್ಲವೇ?” ಎಂದು ಕೇಳಿದೆ.

“ಕಂಡೇನ್ರಿ. ಮನ್ಯಾಗ ಹತ್ತ ಸಲ ಓದೇನಿ.”

“ಮತ್ತೆ ಯಾಕೆ ಬಿಟ್ಟೆ?”

“ಅದು ನಾ ಹೇಳೂ ಮಾತಲ್ರಿ, ಆತಂದು. ಪಾಸ್ಟರದ್ದೂ ಅಲ್ಲ, ನಿಮ್ಮದೂ ಅಲ್ಲ. ಆತನ ಬಂದು ಹೇಳಲಿ. ನಾ ಎಲ್ಲಿ ಹೋಗತೇನಿ? ಇಲ್ಲೇ ಇರತೇನಿ.”

ಲೆಂತಿಗೆ ಮೂರು ದಿನ ಮುಂಚೆ ಮದುವೆಯಾಯಿತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದರು. ನಾನು ಸಾಕ್ಷಿ ಬರೆದುಕೊಡುವುದನ್ನು ಬಿಟ್ಟೆ. ಹಿರಿಯರಿಗೆ ಅದರಿಂದ ತೊಂದರೆಯಾಗಲಿಲ್ಲ. ನನ್ನ ಹಳೆಯದೊಂದನ್ನು ಝೆರಾಕ್ಸ್ ಮಾಡಿಸಿ, ಹೆಸರಿನ ಜಾಗ ಖಾಲಿ ಬಿಟ್ಟು ಕೊಡುತ್ತಿದ್ದಾರೆಂದು ಕೇಳಿದೆ.

ಸಂಜೆ ಎರಡು ಮನೆ ದಾಟಿ ಆಕೆಯ ಬಾಗಿಲಿಗೆ ಹೋಗಿ ಕುಳಿತುಕೊಳ್ಳುತ್ತೇನೆ. ಗ್ಯಾರೇಜಿನವನ ತಾಯಿಯೂ ಒಮ್ಮೊಮ್ಮೆ ಬರುತ್ತಾಳೆ. ಮೂವರೂ ಸೊಪ್ಪು ಬಿಡಿಸುತ್ತೇವೆ. ನಾನು ವಚನ ಹೇಳುವುದಿಲ್ಲ, ಆಕೆ ಕೇಳುವುದೂ ಇಲ್ಲ. ಆಕೆ ಕಾಯುತ್ತಿದ್ದಾಳೆ. ಆ ಮುಂದಿನ ಸಾಲು ಹೇಳಬೇಕಾದವನು ಇನ್ನೂ ಬಂದಿಲ್ಲ. ಬಂದಿದ್ದರೆ ಆಕೆ ನನಗೆ ಹೇಳುತ್ತಿದ್ದಳು.